ಹೊತ್ತಲ್ಲದ ಹೊತ್ತಿನ ವೈದ್ಯಸೇವೆ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ದವಾಖಾನೆಗೆ ವೇಳೆಯುಂಟು, ಬೇನೆಗೆ ವೇಳೆಯಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟು ತೋಟದ ವಸ್ತಿಗಳಲ್ಲಿ ವಾಸವಾಗಿವೆ. ರಾತ್ರಿ ಅಲ್ಲಿಯ ಕೂಸಿಗೆ ಜ್ವರ ಏರಿತೆಂದರೆ ತಾಯಿಯ ಮೊದಲನೆಯ ಪ್ರಶ್ನೆ ಔಷಧದ್ದಲ್ಲ; “ಬೆಳಗಿನವರೆಗೆ ಕಾಯಲೋ, ಈಗಲೇ ಹೊರಡಲೋ?” ಎಂಬುದು. ಜಿಲ್ಲೆಯ ದೊಡ್ಡ ದವಾಖಾನೆಗಳಿರುವ ವಿಜಯಪುರವು ಸಿಂದಗಿಯಿಂದ ಸುಮಾರು 60, ಮುದ್ದೇಬಿಹಾಳದಿಂದ ಸುಮಾರು 80 ಕಿಲೋಮೀಟರು ದೂರ. ಸುಮ್ಮನೆ ಹೊರಟರೆ ಬಡವನ ಎಷ್ಟೋ ದಿನದ ದುಡಿಮೆ ಹೋದೀತು. ಸುಮ್ಮನೆ ಕಾದರೆ ಕೂಸೇ ಹೋದೀತು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಗಲಿರುಳು ತೆರೆದಿರತಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಯೋಜಿಸಿ, ಅಂಥ ಕೇಂದ್ರಕ್ಕೆ ಮೂವರು ಶುಶ್ರೂಷಕಿಯರನ್ನು ಗೊತ್ತುಪಡಿಸಿತು. 2008ರ ನವೆಂಬರ್ 1ರಿಂದ 108ರ ಆರೋಗ್ಯ ಕವಚ ವಾಹನಗಳು ನಾಡಿನಲ್ಲಿ ಸಂಚರಿಸತೊಡಗಿದವು. ಇವು ಮಹೋಪಕಾರಗಳೇ ಸರಿ. ಆದರೆ ವಾಹನವು ರೋಗಿಯನ್ನು ಒಯ್ಯಬಲ್ಲುದು. ಕೂಸಿನ ಮೈ ಮುಟ್ಟಿ ನೋಡಿ, ಒಯ್ಯಬೇಕೋ ಬೇಡವೋ ಎಂದು ಹೇಳಲು ಬಲ್ಲವರೊಬ್ಬರು ಸಮೀಪದಲ್ಲಿರಬೇಕು. ಎಂಟೆಂಟು ತಾಸಿನ ಮೂರು ಪಾಳಿಗಳಿಗೆ ಮೂವರೇ ಆದರೆ, ಒಬ್ಬರು ರಜೆಯ ಮೇಲೆ ಹೋದೊಡನೆ ಒಂದು ಪಾಳಿ ಬರಿದಾಗುವುದು. ಅದು ರಾತ್ರಿಯದಾದರೆ ಗತಿಯೇನು?

ಬಲ್ಲವರು ಸಿಗದಾಗ ತಾಯಂದಿರು ಇಷ್ಟನ್ನು ನೆನಪಿನಲ್ಲಿಡಬೇಕು. ಕೂಸು ಮೊಲೆಯುಣ್ಣದಿದ್ದರೆ, ಕುಡಿದುದನ್ನೆಲ್ಲ ಕಾರಿದರೆ, ಫಿಟ್ಸು ಬಂದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗನ್ನು ಕಾಯಲಾಗದು. ಬಸುರಿಗೆ ರಕ್ತಸ್ರಾವವಾದರೂ, ಫಿಟ್ಸು ಬಂದರೂ ಹಾಗೆಯೇ. ಹಾವು ಕಚ್ಚಿದವರನ್ನು ಮಂತ್ರ ಹಾಕಿಸುತ್ತ ಕೂಡ್ರಿಸಬಾರದು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿಯೇ ಕಚ್ಚುವುದು ಹೆಚ್ಚು. ನೋವೂ ಬಾವೂ ಅಲ್ಪವಾದುದರಿಂದ ಜನರು ಮೋಸಹೋಗುತ್ತಾರೆ.

ಇನ್ನು ನಮ್ಮ ಕರ್ತವ್ಯ. ಶುಶ್ರೂಷಕಿಯು ಊರಲ್ಲಿ ನಿಲ್ಲುವುದಿಲ್ಲವೆಂದು ದೂರುವ ನಾವು, ಆಕೆಗೆ ಗಟ್ಟಿ ಬಾಗಿಲಿನ ಮನೆ, ನೀರು, ದೀಪಗಳನ್ನು ಒದಗಿಸಿದ್ದೇವೆಯೇ? ಅಪರಾತ್ರಿಯಲ್ಲಿ ಕರೆದೊಯ್ದಾಗ ಮನೆಯವರಿಬ್ಬರು ಆಕೆಯನ್ನು ತಿರುಗಿ ಮನೆಗೆ ಮುಟ್ಟಿಸುತ್ತಾರೆಯೇ? ಹಗಲಿನಲ್ಲಿ ತೋರಿಸಬಹುದಾದ ತಲೆನೋವಿಗೆ ಆಕೆಯ ನಿದ್ದೆಯನ್ನು ಕೆಡಿಸದೆ ಇರುತ್ತೇವೆಯೇ? ಸರ್ಕಾರವು ಸಂಬಳವನ್ನು ಕೊಡಬಲ್ಲುದು. ಊರಲ್ಲಿ ನಿಲ್ಲುವ ಧೈರ್ಯವನ್ನು ಊರೇ ಕೊಡಬೇಕು.

ಹಸಿದು ಬಂದವನನ್ನು ಹೊತ್ತು ಮೀರಿತೆಂದು ಮರಳಿ ಕಳಿಸದಿರುವುದು ದಾಸೋಹದ ನಿಯಮ. ಬೇನೆಯಿಂದ ಬಂದವರಿಗೂ ಅದೇ ನಿಯಮವು ಸಲ್ಲಲೆಂದು ಹಾರೈಸುತ್ತೇನೆ.