ಚಪ್ಪಡಿಯ ಮೇಲಿನ ಜರಿಗಿಡ
ರಾಯಚೂರಿನ ಕೋಟೆಬೆಟ್ಟದಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥ. ಮಾನ್ವಿ, ದೇವದುರ್ಗಗಳ ಗುಂಡುಕಲ್ಲುಗಳಲ್ಲಿಯೂ ಅಷ್ಟೇ. ಭೂಗರ್ಭದಲ್ಲಿ ಕರಗಿ, ಬೆಂದು, ಬಹುಮಟ್ಟಿಗೆ 250 ಕೋಟಿ ವರ್ಷಗಳಷ್ಟು ಹಿಂದೆಯೇ ಗಟ್ಟಿಯಾದ ಶಿಲೆಗಳಿವು. ಅಂಥ ಕಾವಿನಲ್ಲಿ ಯಾವ ಜೀವಿಯ ಗುರುತು ಉಳಿದೀತು? ಆದರೂ ದೇವದುರ್ಗದ ಮಕ್ಕಳಿಗೆ ನಾನು ಆ ಪಾಠವನ್ನು ಹೇಳಬೇಕಾಗಿತ್ತು.

ಹಸಿಮಣ್ಣಿನಲ್ಲಿ ಬೇವಿನೆಲೆಯನ್ನೂ ಬಸವನಹುಳುವಿನ ಚಿಪ್ಪನ್ನೂ ಒತ್ತಿಸಿದೆ. ಮಣ್ಣು ಒಣಗಿದಾಗ ಎಲೆ ಉದುರಿತು, ಅಚ್ಚು ಉಳಿಯಿತು. ಮರುದಿನ ಹುಡುಗಿಯೊಬ್ಬಳು, ಭೀಮಾ ತೀರದಿಂದ ನಮ್ಮ ಮನೆಗಳ ನೆಲಹಾಸಿಗೆಂದು ಬರುವ ಶಹಾಬಾದಿ ಚಪ್ಪಡಿಯ ಚೂರೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಅದರ ಮೇಲೆ ಕಪ್ಪು ಬಣ್ಣದ ಜರಿಗಿಡ! ತರಗತಿಯೇ ಎದ್ದು ನಿಂತಿತು. ಅದು ಗಿಡವಲ್ಲವೆಂದು ನಾನು ಬಲ್ಲೆ. ಹಾಗೆಂದು ಹೇಳಲು ಬಾಯಿ ಬರಲಿಲ್ಲ, ಹೌದೆನ್ನಲು ಮನಸ್ಸೊಪ್ಪಲಿಲ್ಲ. ಭೂತಗನ್ನಡಿಯನ್ನು ಕೈಗಿತ್ತು, ಬೇವಿನ ಅಚ್ಚನ್ನು ಪಕ್ಕದಲ್ಲಿರಿಸಿ, ಸುಮ್ಮನೆ ಕುಳಿತೆ.

ಬಹಳ ಹೊತ್ತಾದ ಮೇಲೆ ಅವಳೇ ಹೇಳಿದಳು: "ಇದಕ್ಕ ನಡುನರ ಇಲ್ರೀ ಸರ. ಬಿರುಕಿನಿಂದ ಹೊಂಟದ."

ಬಿರುಕಿಗಿಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕವಲುಗಳವು. ಕಲ್ಲಾದರೋ ಗಿಡಗಳು ನೆಲವನ್ನೇರುವುದಕ್ಕೆ ಎಷ್ಟೋ ಮೊದಲು ಕಡಲಡಿಯಲ್ಲಿ ಕೂಡಿದ ಸುಣ್ಣಗಲ್ಲು.

"ಹಂಗಾರ ಖರೇದು ಎಲ್ಲಿ ಸಿಗತದ?" ಎಂದಳು.

ತಮಿಳುನಾಡಿನ ಅರಿಯಲೂರಿನಲ್ಲಿ, ಅಮೋನೈಟುಗಳ ಸುರುಳಿಚಿಪ್ಪುಗಳು ಸಿಗುತ್ತವೆಂದೆ. ಭೂಪಟದಲ್ಲಿ ದೇವದುರ್ಗದಿಂದ ಅಲ್ಲಿಯವರೆಗೆ ಬೆರಳೆಳೆದು ನೋಡಿ, ಚೂರನ್ನು ಮತ್ತೆ ಮಡಿಲಿಗೆ ಹಾಕಿಕೊಂಡಳು.