ಬೋರ್ ಹೊಡೆಯೋದು, ಬೋರ್ ಹೊಡೆಸೋದು

ಇವತ್ತು ಯಾವ ಪಕ್ಷದ ಸುದ್ದಿಯೂ ಬೇಡ, ಯಾರ ರಾಜೀನಾಮೆಯೂ ಬೇಡ. ಒಂದೇ ಒಂದು ಪದ ಇಟ್ಟುಕೊಂಡು ಮಾತಾಡೋಣ. ಆ ಪದ ಬೋರ್.

ಭಾನುವಾರ ಮಧ್ಯಾಹ್ನ ಬೆಂಗಳೂರಿನ ಯಾವುದಾದರೂ ಮನೆಯಲ್ಲಿ ಹತ್ತು ವರ್ಷದ ಹುಡುಗನನ್ನು ಕೇಳಿ ನೋಡಿ. "ಬೋರ್ ಹೊಡೀತಿದೆ" ಅಂತಾನೆ. ಅದೇ ಹೊತ್ತಿಗೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯ ಒಬ್ಬ ರೈತರಿಗೆ ಫೋನ್ ಮಾಡಿ. "ಆಮೇಲ್ ಮಾಡ್ತೀನಿ ಸಾರ್, ಬೋರ್ ಹೊಡೆಸ್ತಿದೀವಿ" ಅಂತ ಲೈನ್ ಕಟ್ ಮಾಡ್ತಾರೆ. ಎರಡೂ ಕಡೆ ಒಂದೇ ಪದ. ಒಂದು ಕಡೆ ಮಾಡೋಕೆ ಕೆಲಸ ಇಲ್ಲ. ಇನ್ನೊಂದು ಕಡೆ ಹೆಂಡತಿಯ ಒಡವೆ ಗಿರವಿ ಅಂಗಡಿ ಸೇರಿದೆ, ಮನೆಮಂದಿಯೆಲ್ಲ ಲಾರಿ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಾರೆ.

ಈ ಪದ ಬಂದಿದ್ದು ಎಲ್ಲಿಂದ? ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ 'ಬೋರಿಯನ್' ಅಂದರೆ ತೂತು ಕೊರೆಯುವುದು. ಲ್ಯಾಟಿನ್ನಿನ 'ಫೊರಾರೆ' ಇದರ ದಾಯಾದಿ. ರಸೀದಿ ಪುಸ್ತಕದಲ್ಲಿ ಹಾಳೆ ಹರಿಯೋಕೆ ಸಣ್ಣ ಸಣ್ಣ ತೂತಿನ ಸಾಲು ಇರುತ್ತಲ್ಲ, ಪರ್ಫೊರೇಷನ್, ಅದರ ಹೊಟ್ಟೆಯಲ್ಲೂ ಈ ಫೊರಾರೆಯೇ ಕೂತಿದೆ. ಕೋವಿಯ ನಳಿಗೆಯ ಒಳಗಿನ ಟೊಳ್ಳಿಗೂ ಬೋರ್ ಅಂತಲೇ ಹೆಸರು. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ, ಅಂಥ ಒಂದು ಗುಂಡು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ 12 ಬೋರ್. ಗ್ಯಾರೇಜಿನ ಮೇಸ್ತ್ರಿ "ಇಂಜಿನ್ ಬೋರ್ ಮಾಡಿಸ್ಬೇಕು" ಅಂದಾಗಲೂ ಅದೇ ಕೊರೆಯೋ ಕೆಲಸ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಮಾತ್ರ ಈ ವಂಶದ್ದಲ್ಲ. ಅದು ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಹೆಸರು.

ಬೇಜಾರು ಅನ್ನುವ ಅರ್ಥ ತೀರಾ ಈಚಿನದು. ಹದಿನೆಂಟನೇ ಶತಮಾನದ ಮಧ್ಯಭಾಗ ದಾಟಿದ ಮೇಲೆ ಇಂಗ್ಲೆಂಡಿನ ಸಿರಿವಂತರ ಬಾಯಲ್ಲಿ ಇದು ಕಾಣಿಸಿಕೊಳ್ಳುತ್ತೆ. 1852ರಿಂದ ಕಂತುಗಳಲ್ಲಿ ಬಂದ ಡಿಕೆನ್ಸ್‌ನ 'ಬ್ಲೀಕ್ ಹೌಸ್' ಕಾದಂಬರಿಯಲ್ಲಿ ಲೇಡಿ ಡೆಡ್‌ಲಾಕ್ ಎಂಬ ದೊಡ್ಡ ಮನೆಯ ಹೆಂಗಸಿಗೆ ಇದೇ ಕಾಯಿಲೆ. ದುಡ್ಡಿದೆ, ಆಳುಕಾಳಿದ್ದಾರೆ, ಆದ್ರೆ ಹೊತ್ತು ಹೋಗಲ್ಲ. ತೂತು ಕೊರೆಯುವ ಪದಕ್ಕೂ ಈ ಬೇಜಾರಿಗೂ ಏನು ಸಂಬಂಧ ಅಂತ ಇಂಗ್ಲಿಷ್ ನಿಘಂಟುಕಾರರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ.

ಕನ್ನಡದವರನ್ನ ಕೇಳಿದ್ದರೆ ಹೇಳ್ತಿದ್ವಿ! ನಮ್ಮ 'ಕೊರೆ' ನೋಡಿ. ಬಡಗಿ ಬೈರಿಗೆಯಲ್ಲಿ ಮರ ಕೊರೀತಾನೆ. ಸಭೆಯಲ್ಲಿ ಮೈಕ್ ಹಿಡಿದವನು ಬಿಡದೆ ಮಾತಾಡಿದರೆ "ಏನ್ ಕೊರೀತಾನಪ್ಪಾ" ಅಂತೀವಿ. ಒಂದೇ ಕಡೆ ಸುತ್ತಿ ಸುತ್ತಿ ಒತ್ತುವುದು ಮರಕ್ಕೂ ಒಂದೇ, ತಲೆಗೂ ಒಂದೇ. ಇಂಗ್ಲಿಷಿನ ಹಂಗಿಲ್ಲದೆ ಕನ್ನಡ ತಾನಾಗಿಯೇ ಅದೇ ದಾರಿ ಹಿಡಿದಿದೆ. ಇಂಥದ್ದು ಕಂಡಾಗ ನನಗಂತೂ ಖುಷಿಯಾಗುತ್ತೆ.

ಸರಿ, ಈ ಪದ ಹಳ್ಳಿಗೆ ಬಂದಿದ್ದು ಹೇಗೆ? ಬೇಜಾರಿನ ಅರ್ಥ ಕಾಲೇಜು, ಸಿನಿಮಾ ಮೂಲಕ ಬಂತು. ತೂತಿನ ಅರ್ಥ ಬರದ ಮೂಲಕ ಬಂತು. 1967ರಲ್ಲಿ ಯುನಿಸೆಫ್ ನೆರವಿನಿಂದ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಭಾರತಕ್ಕೆ ಬಂದವು. ಮುಂದೆ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ಊರೂರಿಗೆ ಬಂದು ನಿಂತಿತು. ನಮ್ಮ ಜನ ಅದಕ್ಕಿಟ್ಟ ಹೆಸರು 'ಬೋರಿಂಗ್'. "ಬೋರಿಂಗ್ ಹತ್ರ ಹೋಗಿ ಎರಡು ಕೊಡ ತಾ" ಅಂತ ಹೇಳಿಸಿಕೊಂಡು ಬೆಳೆದವರು ಈ ಕಾರ್ಯಕ್ರಮ ನೋಡ್ತಿರೋರಲ್ಲಿ ಎಷ್ಟು ಜನ ಇದ್ದೀರೋ! ಇಂಗ್ಲಿಷಿನಲ್ಲಿ ಬೋರಿಂಗ್ ಅಂದರೆ ಬೇಸರ ಹುಟ್ಟಿಸುವಂಥದ್ದು. ನಮ್ಮೂರುಗಳಲ್ಲಿ ಬೋರಿಂಗ್ ಅಂದರೆ ಇಡೀ ಊರು ಸೇರೋ ಜಾಗ. ಜಗಳ, ನಗು, ಮದುವೆ ಮಾತು ಎಲ್ಲ ಅಲ್ಲೇ.

ಆಮೇಲೆ ಮೋಟಾರ್ ಬಂತು, ಬೋರಿಂಗ್ ಹೋಗಿ ಬೋರು ಆಯ್ತು. ಸರ್ಕಾರಿ ಕಡತದಲ್ಲಿ 'ಕೊಳವೆ ಬಾವಿ'. ಅಂಗಡಿ ಬೋರ್ಡಿನಲ್ಲಿ 'ಬೋರ್‌ವೆಲ್'. ಜನರ ಬಾಯಲ್ಲಿ ಬರೀ ಬೋರು. ವೆಲ್ ಅಂದರೆ ಬಾವಿ, ಅದನ್ನ ಜನ ಬಿಟ್ಟೇಬಿಟ್ಟರು, ತೂತನ್ನ ಮಾತ್ರ ಇಟ್ಟುಕೊಂಡರು. ಶ್ರೀರಾಂಪುರದ ಕಡೆ ಎಷ್ಟೋ ತೋಟಗಳಲ್ಲಿ ಉಳಿದಿರೋದೂ ಅಷ್ಟೇ.

ಹುಳಿಯಾರು, ಶ್ರೀರಾಂಪುರ, ಹೊಸದುರ್ಗ, ಈ ಸೀಮೆ ತೆಂಗು ಅಡಿಕೆಯದ್ದು. ರಾಗಿ ಒಂದು ವರ್ಷ ಹೋದರೆ ಮುಂದಿನ ವರ್ಷ ಬಿತ್ತಬಹುದು. ಅಡಿಕೆ ಮರ ಒಣಗಿದರೆ ಹತ್ತು ವರ್ಷದ ಬದುಕೇ ಒಣಗಿದ ಹಾಗೆ. ಹಾಗಾಗಿ ಬೋರಿನ ಸುತ್ತ ಇಲ್ಲೊಂದು ಭಾಷೆಯೇ ಬೆಳೆದಿದೆ. ಮೊದಲು 'ಪಾಯಿಂಟ್' ಮಾಡಿಸಬೇಕು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತೋರು ಒಬ್ಬರು, ಕವೆಗೋಲು ಹಿಡಿಯೋರು ಇನ್ನೊಬ್ಬರು, ಮೀಟರ್ ತರೋ ಭೂವಿಜ್ಞಾನಿ ಮತ್ತೊಬ್ಬರು. ಮೂರೂ ಜನರನ್ನ ಕರೆಸಿ, ಮೂರೂ ಪಾಯಿಂಟ್ ಬೇರೆ ಬೇರೆ ಆಗಿ, ಕೊನೆಗೆ ದೇವರ ಹೂ ಕೇಳೋ ಮನೆಗಳೂ ಇವೆ. ಆಮೇಲೆ ಬೋರ್ ಲಾರಿ. ಬಹಳಷ್ಟು ಲಾರಿಗಳು ತಮಿಳುನಾಡಿನ ತಿರುಚೆಂಗೋಡಿನವು. ಅಡಿ ಲೆಕ್ಕದಲ್ಲಿ ರೇಟು, ಆಳಕ್ಕೆ ಹೋದ ಹಾಗೆ ಅಡಿಯ ರೇಟೂ ಏರುತ್ತೆ. ನೀರು ಕೆಳಗಿಂದ ಮೇಲಕ್ಕೆ ಬಂದರೂ ನಾವು ಹೇಳೋದು "ನೀರು ಬಿತ್ತು" ಅಂತ. ಎಷ್ಟು ಬಿತ್ತು? ಲೀಟರ್ ಲೆಕ್ಕ ಇಲ್ಲ, ಇಂಚು. "ಎರಡೂವರೆ ಇಂಚು" ಅಂದರೆ ಆ ರಾತ್ರಿ ಊರಿಗೆಲ್ಲ ಸಿಹಿ. ಗಂಡು ನೋಡೋಕೆ ಬಂದವರೂ ಹುಡುಗನ ಓದು ಆಮೇಲೆ ಕೇಳ್ತಾರೆ, ಮೊದಲು "ಬೋರ್ ಐತಾ? ಎಷ್ಟಿಂಚು?"

ಬೀಳದಿದ್ದರೆ ಒಂದೇ ಪದ, 'ಫೇಲ್'. ಅಲ್ಲಿನ ರೈತರೊಬ್ಬರು ನನ್ನ ಜೊತೆ ಮಾತಾಡ್ತಾ ಹೇಳಿದ್ದು: "ಐದು ಹಾಕ್ಸಿದೆ ಸಾರ್, ನಾಲ್ಕು ಫೇಲು. ಹುಡುಗ ಎಸ್ಸೆಸ್ಸೆಲ್ಸಿ ಫೇಲಾದಾಗ ಇಷ್ಟು ಬೇಜಾರಾಗಿರ್ಲಿಲ್ಲ. ಅವನು ಮತ್ತೆ ಕಟ್ದ, ಪಾಸಾದ. ಬೋರಿಗೆ ಸಪ್ಲಿಮೆಂಟರಿ ಇಲ್ವಲ್ಲ."

ಪಕ್ಕದ ತೋಟದಲ್ಲಿ ನೀರು ಬಿದ್ದು ಇವರದ್ದು ಯಾಕೆ ಫೇಲ್ ಆಗುತ್ತೆ? ನೆಲದೊಳಗೆ ನದಿ ಹರಿಯುತ್ತೆ ಅನ್ನೋದು ನಂಬಿಕೆ, ಅಷ್ಟೇ. ಚಿತ್ರದುರ್ಗ ಜಿಲ್ಲೆಯ ನೆಲ ಗಟ್ಟಿ ಶಿಲೆ. ಮೇಲಿನ ಸ್ವಲ್ಪ ಆಳದವರೆಗೆ ಸವೆದ ಕಲ್ಲು, ಮಣ್ಣು ಇದೆ. ಹಳೇ ಕಪಿಲೆ ಬಾವಿಗಳು ನೀರು ಕೊಟ್ಟಿದ್ದು ಆ ಪದರದಿಂದ. ಅದರ ಕೆಳಗೆ ಬಂಡೆ. ಬಂಡೆಯೊಳಗೆ ನೀರು ಇರೋದು ಬಿರುಕುಗಳಲ್ಲಿ ಮಾತ್ರ. ಆರೂವರೆ ಇಂಚಿನ ತೂತು ಆ ಬಿರುಕಿಗೆ ಸಿಕ್ಕರೆ ಸಿಕ್ಕಿತು, ಒಂದು ಮಾರು ಆಚೆ ಹೋದರೆ ಬರೀ ಧೂಳು. ಮೇಲಾಗಿ ಆಳದ ಬಿರುಕಿನ ನೀರನ್ನ ಐದಾರು ತೋಟದವರು ಒಟ್ಟಿಗೆ ಎಳೆದರೆ, ಮಳೆ ಅದನ್ನ ಅಷ್ಟು ಬೇಗ ತುಂಬಿಕೊಡಲ್ಲ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ಹೊಸದುರ್ಗದ ಹೆಸರು ಬಂದಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಅದು ರೈತನ ಪ್ರಾಣ ಉಳಿಸಿದೆ, ಬೋರಿನ ಪ್ರಾಣ ತೆಗೆದಿದೆ. ಈ ಮಾತು ಹೇಳೋಕೆ ಯಾವ ಪಕ್ಷದ ವಕ್ತಾರರೂ ನಮ್ಮ ಸ್ಟುಡಿಯೋಗೆ ಬರಲ್ಲ, ಬಿಡಿ.

ಟಿವಿಗೆ ಬೋರ್ ಸುದ್ದಿಯಾಗೋದು ಒಂದೇ ಒಂದು ಸಂದರ್ಭದಲ್ಲಿ. ನಿಮಗೂ ಗೊತ್ತು. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ. ಆ ಎರಡೂ ಮಕ್ಕಳು ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಕಂದ ಬಿತ್ತು, ಪಕ್ಕದಲ್ಲೇ ಗುಂಡಿ ತೋಡಿ, ಸುಮಾರು 20 ಗಂಟೆಯ ಮೇಲೆ ಜೀವಂತ ಹೊರಗೆ ತಂದರು. ಅವತ್ತು ನಾಡಿಗೆ ನಾಡೇ ಟಿವಿ ಮುಂದೆ ಇತ್ತು.

ಸುಪ್ರೀಂ ಕೋರ್ಟು 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೊರೆಸುವ 15 ದಿನ ಮೊದಲು ತಿಳಿಸಬೇಕು, ಕೆಲಸದ ಜಾಗಕ್ಕೆ ಬೇಲಿ, ಫಲಕ ಇರಬೇಕು, ಕೇಸಿಂಗ್ ಬಾಯಿಗೆ ಉಕ್ಕಿನ ಮುಚ್ಚಳ ಬೆಸುಗೆ ಹಾಕಬೇಕು ಇಲ್ಲವೇ ಬೋಲ್ಟ್ ಬಿಗಿಯಬೇಕು, ಕೈಬಿಟ್ಟ ಬೋರನ್ನ ತಳದಿಂದ ಮೇಲಿನವರೆಗೆ ತುಂಬಬೇಕು. ಲಚ್ಯಾಣದ ನಂತರ ರಾಜ್ಯ ಸರ್ಕಾರ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ತೆರೆದ ಬೋರ್ ಬಿಡೋದನ್ನ ಶಿಕ್ಷಾರ್ಹ ಅಪರಾಧ ಮಾಡಿತು.

ಹಾಗಿದ್ರೂ ಯಾಕೆ ತೆರೆದೇ ಇರ್ತಾವೆ? ರೈತರಿಗೆ ಬೇಜವಾಬ್ದಾರಿ ಅಂತ ಸ್ಟುಡಿಯೋದಲ್ಲಿ ಕೂತು ಬೈಯೋದು ಸುಲಭ. ಶ್ರೀರಾಂಪುರದ ಆ ರೈತರನ್ನೂ ಇದೇ ಪ್ರಶ್ನೆ ಕೇಳಿದೆ. ಎರಡು ಕಾರಣ ಕೊಟ್ಟರು. ಒಂದು, ಫೇಲಾದ ಬೋರಿನ ಕೇಸಿಂಗ್ ಪೈಪನ್ನ ಕಿತ್ತು ಮುಂದಿನ ಬೋರಿಗೆ ಹಾಕ್ತಾರೆ. ಪೈಪಿನ ರೇಟು ಹಾಗಿದೆ. ಪೈಪ್ ಹೋದ ಮೇಲೆ ಮುಚ್ಚಳ ಕೂರಿಸೋಕೆ ಜಾಗವೇ ಇರಲ್ಲ, ಬಾಯಿ ಕುಸಿದು ಅಗಲವಾಗುತ್ತೆ. ಎರಡನೇ ಕಾರಣ ಹೇಳುವಾಗ ಸ್ವಲ್ಪ ನಾಚಿಕೊಂಡರು. "ಮಣ್ಣು ತುಂಬಿಬಿಟ್ರೆ ಮುಗೀತಲ್ಲ ಸಾರ್. ಒಳ್ಳೆ ಮಳೆ ಆದ್ರೆ ನೀರು ಬಂದ್ರೂ ಬರಬಹುದು."

ನಗಬೇಡಿ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಆ ಮಳೆಗೆ ಈ ಸೀಮೆಯಲ್ಲಿ ಬತ್ತಿದ್ದ ಬೋರುಗಳಲ್ಲಿ ಮತ್ತೆ ನೀರು ಕಂಡವರಿದ್ದಾರೆ. ಅವರ ಆಸೆಗೆ ಆಧಾರ ಇದೆ. ಹಾಗಾಗಿ ಮುಂದೆ ನೀರು ಬಂದೀತು ಅಂತ ಇಟ್ಟುಕೊಳ್ಳೋ ಬೋರಿನ ಕೇಸಿಂಗ್ ಕೀಳಬೇಡಿ, ಬೋಲ್ಟ್ ಹಾಕೋ ಮುಚ್ಚಳ ಕೂರಿಸಿ. ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಬಹುದು. ಬೋರಿನ ಸುತ್ತ ಗುಂಡಿ ತೆಗೆದು, ಕಲ್ಲು, ಜಲ್ಲಿ, ಮರಳು ತುಂಬಿ ಮಳೆನೀರು ಇಂಗಿಸೋದನ್ನ ಚಿತ್ರದುರ್ಗದವರೇ ಆದ ಭೂಜಲ ತಜ್ಞ ಎನ್. ಜೆ. ದೇವರಾಜ ರೆಡ್ಡಿ ವರ್ಷಗಳಿಂದ ಹೇಳಿಕೊಡ್ತಿದ್ದಾರೆ. ಕೇಸಿಂಗ್ ಈಗಾಗಲೇ ಕಿತ್ತಾಗಿದ್ದರೆ ಮಾತ್ರ ಬೇರೆ ದಾರಿ ಇಲ್ಲ, ತಳದಿಂದ ತುಂಬಲೇಬೇಕು. ಬಾಯಿಗೊಂದು ಚಪ್ಪಡಿ ಎಳೆದು, ಮುಳ್ಳು ಹಾಕಿ, ಗೋಣಿಚೀಲ ತುರುಕಿದರೆ ಸಾಲದು. ಚೀಲ ಎರಡು ಮಳೆಗೆ ಕೊಳೆಯುತ್ತೆ, ಮೇಲೆ ಹುಲ್ಲು ಬೆಳೆಯುತ್ತೆ, ಅಲ್ಲಿ ಬೋರ್ ಇತ್ತು ಅನ್ನೋದು ಹೊಲ ಗುತ್ತಿಗೆಗೆ ತಗೊಂಡವರಿಗೆ ಗೊತ್ತಿರಲ್ಲ.