ಆಳಿದವರು ಮತ್ತೆ ಮತ ಕೇಳುವಾಗ

ಗವರ್ನರು ಎಂಬ ಒಂದೇ ಪದವು ಎರಡು ದೇಶಗಳಲ್ಲಿ ಎರಡು ಬಗೆಯ ಅಧಿಕಾರಿಯನ್ನು ಸೂಚಿಸುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗವರ್ನರರು ಪ್ರಜೆಗಳ ಮತದಿಂದ ಅಧಿಕಾರಕ್ಕೆ ಬರುವವರು; ಅವಧಿ ತೀರಿದ ಮೇಲೆ ಇನ್ನೊಮ್ಮೆ ಆ ಸ್ಥಾನ ಬೇಕೆಂದರೆ ಅದೇ ಪ್ರಜೆಗಳ ಬಾಗಿಲಿಗೆ ಮರಳಿ ಹೋಗಿ ನಿಲ್ಲಬೇಕಾದವರು. ನಮ್ಮ ದೇಶದಲ್ಲಾದರೋ ರಾಜ್ಯಪಾಲರು ರಾಷ್ಟ್ರಪತಿಗಳಿಂದ ನೇಮಕಗೊಂಡು ಬರುವವರು. ಅವರು ಯಾರ ಮತವನ್ನೂ ಬೇಡುವುದಿಲ್ಲ; ಆದಕಾರಣ ಯಾರ ಮತದಿಂದಲೂ ಸೋಲುವುದಿಲ್ಲ. ಈ ಭೇದವು ಕಾನೂನು ಪುಸ್ತಕಗಳಿಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ರಾಯಚೂರು ಜಿಲ್ಲೆಯ ಗೊರೇಬಾಳದಂಥ ಒಂದು ಊರಿನಲ್ಲಿ ನಿಂತು ನೋಡಿದರೆ, ಇದು ಹೊಲಕ್ಕೆ ಬರುವ ನೀರಿಗೂ ಮಕ್ಕಳಿಗೆ ದೊರೆಯುವ ವಿದ್ಯೆಗೂ ಸಂಬಂಧಪಟ್ಟ ವಿಷಯವೆಂಬುದು ತಿಳಿದುಬರುತ್ತದೆ. ಆಳಿದವರು ಮತ್ತೆ ಮತ ಕೇಳಲು ಬರುವುದರ ಅರ್ಥವೇನು, ಅದು ನಮ್ಮಲ್ಲಿ ಹೇಗೆ ನಡೆದುಬಂದಿದೆ ಎಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ.

ಮೊದಲು ಅಮೆರಿಕದ ಪದ್ಧತಿಯನ್ನು ನೋಡಬಹುದು. ಅಲ್ಲಿಯ 50 ಸಂಸ್ಥಾನಗಳಿಗೂ ಒಬ್ಬೊಬ್ಬ ಗವರ್ನರರುಂಟು. ಬಹುತೇಕ ಕಡೆಗಳಲ್ಲಿ ಅವರ ಅವಧಿ ನಾಲ್ಕು ವರ್ಷ. ನ್ಯೂ ಹ್ಯಾಂಪ್‌ಷೈರ್ ಮತ್ತು ವರ್ಮಾಂಟ್ ಎಂಬೆರಡು ಸಂಸ್ಥಾನಗಳಲ್ಲಿ ಮಾತ್ರ ಎರಡೇ ವರ್ಷ. ವರ್ಜಿನಿಯದಲ್ಲಿ ಒಂದು ಅವಧಿ ಮುಗಿಸಿದವರು ಒಡನೆಯೇ ಮತ್ತೆ ಸ್ಪರ್ಧಿಸುವಂತಿಲ್ಲ. ಉಳಿದ ಕಡೆಗಳಲ್ಲಿ ಅಧಿಕಾರದಲ್ಲಿರುವವರೇ ಉಮೇದುವಾರರಾಗಿ ನಿಲ್ಲುವುದುಂಟು. ಹಾಗೆ ನಿಂತವರಿಗೆ ಅನುಕೂಲವೂ ಇದೆ, ತೊಡಕೂ ಇದೆ. ಅವರ ಹೆಸರು ಎಲ್ಲರಿಗೂ ತಿಳಿದದ್ದು. ಅವರು ಆಡಿದ ಮಾತು ಪತ್ರಿಕೆಗಳಲ್ಲಿ ಬರುತ್ತದೆ. ಸೇತುವೆಯೊಂದು ಪೂರ್ತಿಯಾದರೆ ಆರಂಭೋತ್ಸವಕ್ಕೆ ಅವರೇ ಹೋಗುತ್ತಾರೆ. ಆದರೆ ಆಗದೆ ಉಳಿದ ಸೇತುವೆಯೂ ಅವರ ಲೆಕ್ಕಕ್ಕೇ ಸೇರುತ್ತದೆ. ಎದುರಾಳಿಯು ಮುಂದೆ ಮಾಡುವುದನ್ನು ಮಾತ್ರ ಹೇಳಬಹುದು. ಆಳಿದವರು ಹಿಂದೆ ಮಾಡಿದ್ದನ್ನೂ ಹೇಳಲೇಬೇಕು. ಮರುಚುನಾವಣೆಯ ಸಾರವೇ ಇದು: ಅದು ಆಶ್ವಾಸನೆಗಿಂತ ಹೆಚ್ಚಾಗಿ ಜಮಾಖರ್ಚು ಒಪ್ಪಿಸುವ ದಿನ.

ನಮ್ಮ ದೇಶದಲ್ಲಿಯೂ ಗವರ್ನರರನ್ನು ಪ್ರಜೆಗಳೇ ಆರಿಸಬೇಕೆಂಬ ಯೋಚನೆ ಇದ್ದಿತೆಂಬುದನ್ನು ಹಲವರು ಮರೆತಿದ್ದಾರೆ. 1947ರಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯ ಸಮಿತಿಯು, ಪ್ರಾಂತದ ಗವರ್ನರರು ವಯಸ್ಕರೆಲ್ಲರ ಮತದಿಂದ ನೇರವಾಗಿ ಚುನಾಯಿತರಾಗಬೇಕೆಂದು ಸೂಚಿಸಿತು. ರಾಜ್ಯಾಂಗ ರಚನಾ ಸಭೆ ಅದನ್ನು ಒಪ್ಪಿಯೂ ಇದ್ದಿತು. ಆದರೆ ಎರಡು ವರ್ಷಗಳಲ್ಲಿ ಅಭಿಪ್ರಾಯ ಬದಲಾಯಿತು. ಒಂದು ಪ್ರಾಂತದಲ್ಲಿ ಪ್ರಜೆಗಳ ಮತ ಪಡೆದ ಗವರ್ನರರೊಬ್ಬರು, ಶಾಸನಸಭೆಯ ವಿಶ್ವಾಸ ಪಡೆದ ಮುಖ್ಯಮಂತ್ರಿಗಳೊಬ್ಬರು ಹೀಗೆ ಇಬ್ಬರು ಇದ್ದರೆ ಯಾರ ಮಾತು ನಡೆಯಬೇಕು? ಒಂದೇ ನೊಗಕ್ಕೆ ಎರಡು ದಿಕ್ಕಿಗೆ ಎಳೆಯುವ ಎತ್ತುಗಳನ್ನು ಕಟ್ಟಿದಂತಾದೀತೆಂದು ಸಭೆಯ ಬಹು ಮಂದಿ ಭಾವಿಸಿದರು. ದೇಶವಿಭಜನೆಯ ಗಾಯ ಹಸಿಯಾಗಿದ್ದ ಆ ಕಾಲದಲ್ಲಿ ಪ್ರಾಂತಾಭಿಮಾನವು ಮಿತಿಮೀರಬಹುದೆಂಬ ಅಂಜಿಕೆಯೂ ಇದ್ದಿತು. 1949ರ ಮೇ ತಿಂಗಳ ಕೊನೆಯಲ್ಲಿ ಸಭೆಯು ಚುನಾವಣೆಯನ್ನು ಕೈಬಿಟ್ಟು ನೇಮಕವನ್ನು ಒಪ್ಪಿತು. ಇದರಿಂದ ಆಡಳಿತದಲ್ಲಿ ಒಡಕು ತಪ್ಪಿತೆಂಬುದು ನಿಜ. ಆದರೆ ರಾಜ್ಯದ ಆಡಳಿತವೆಲ್ಲ ಯಾರ ಹೆಸರಿನಲ್ಲಿ ನಡೆಯುವುದೋ ಅವರು ಪ್ರಜೆಗಳ ಮುಂದೆ ಲೆಕ್ಕ ಒಪ್ಪಿಸುವ ಪ್ರಸಂಗವೂ ಅದರೊಡನೆ ತಪ್ಪಿಹೋಯಿತು.

ಈಗ ಗೊರೇಬಾಳದ ಕಡೆಗೆ ಬರೋಣ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಈ ಹೆಸರಿನ ಊರು ಒಂದಕ್ಕಿಂತ ಹೆಚ್ಚಾಗಿವೆ. ಎರೆಯ ನೆಲ, ಜೋಳ ಹತ್ತಿಗಳ ಬೇಸಾಯ, ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಕಡೆ ಭತ್ತದ ಗದ್ದೆ, ಬಾರದ ಕಡೆ ಮಳೆಯ ದಾರಿ ಕಾಯುವ ಹೊಲ, ಇದು ಆ ಸೀಮೆಯ ಸ್ವರೂಪ. ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಕಾಣುವ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ದೊರೆಯು ತನ್ನ ನಡತೆಯ ವಿಷಯವನ್ನು ತಾನೇ ಪ್ರಜೆಗಳಿಗೆ ತಿಳಿಸುವ ಬರಹ ಅದು. ದೊರೆ ಹೇಳಿದ, ಪ್ರಜೆಗಳು ಕೇಳಿದರು. ಅವರು ಪ್ರತ್ಯುತ್ತರ ಕೊಡುವ ಏರ್ಪಾಡು ಆ ಕಾಲಕ್ಕೂ ಇರಲಿಲ್ಲ, ಮುಂದೆ ಬಹು ಕಾಲದವರೆಗೂ ಇರಲಿಲ್ಲ. 1948ರ ಸೆಪ್ಟೆಂಬರಿನವರೆಗೆ ಈ ನಾಡು ನಿಜಾಮರ ಆಳಿಕೆಯಲ್ಲಿದ್ದಿತು. 1952ರಲ್ಲಿ ಇಲ್ಲಿಯ ವಯಸ್ಕರೆಲ್ಲರೂ ಹೈದರಾಬಾದ್ ಶಾಸನಸಭೆಗಾಗಿ ಮೊದಲ ಬಾರಿ ಮತ ಹಾಕಿದರು. ಆಗಲೂ ರಾಜಪ್ರಮುಖರ ಸ್ಥಾನದಲ್ಲಿ ನಿಜಾಮರೇ ಇದ್ದರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜ್ಯಪಾಲರಾದವರು ಮಹಾರಾಜ ಜಯಚಾಮರಾಜ ಒಡೆಯರು. ಹೀಗೆ ಗೊರೇಬಾಳದ ಒಕ್ಕಲಿನವರಿಗೆ ರಾಜ್ಯದ ಮುಖ್ಯಸ್ಥರು ಬದಲಾದರೂ ಅವರನ್ನು ಆರಿಸುವ ಅಧಿಕಾರ ಎಂದೂ ಬರಲಿಲ್ಲ.

ಇಷ್ಟೇ ಆಗಿದ್ದರೆ ಇದು ಗೌರವಸ್ಥಾನದ ಮಾತೆಂದು ಬಿಡಬಹುದಾಗಿದ್ದಿತು. ಆದರೆ 2012ರಲ್ಲಿ ಸಂಸತ್ತು ಒಪ್ಪಿದ 98ನೆಯ ತಿದ್ದುಪಡಿಯಿಂದ ರಾಜ್ಯಾಂಗಕ್ಕೆ 371 ಜೆ ಎಂಬ ವಿಧಿ ಸೇರಿತು. ಹೈದರಾಬಾದ್ ಕರ್ನಾಟಕದ ಏಳಿಗೆಗಾಗಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ವಿದ್ಯೆ ಉದ್ಯೋಗಗಳಲ್ಲಿ ನ್ಯಾಯವಾದ ಅವಕಾಶ, ಈ ಮೂರರ ವಿಷಯದಲ್ಲಿ ರಾಜ್ಯಪಾಲರಿಗೇ ವಿಶೇಷ ಹೊಣೆಯನ್ನು ವಹಿಸಲು ಆ ವಿಧಿ ಎಡೆಕೊಡುತ್ತದೆ. 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರು ಪಡೆದ ಈ ಭಾಗಕ್ಕೆ, ಅದರಲ್ಲಿ ಗೊರೇಬಾಳಕ್ಕೆ, ರಾಜ್ಯಪಾಲರ ಸ್ಥಾನವು ಬರಿಯ ಅಲಂಕಾರವಲ್ಲ. ಆದರೂ ಆ ಹೊಣೆ ಹೊತ್ತವರು ಊರಿಗೆ ಬಂದು, ನಾನು ಇಷ್ಟು ಮಾಡಿದೆ, ನನ್ನನ್ನೇ ಮತ್ತೆ ಆರಿಸಿರಿ ಎಂದು ಕೇಳುವ ದಿನ ನಮ್ಮ ಪದ್ಧತಿಯಲ್ಲಿ ಇಲ್ಲ.

ಹಾಗಾದರೆ ಆ ಜಮಾಖರ್ಚನ್ನು ನಮ್ಮಲ್ಲಿ ಒಪ್ಪಿಸುವವರು ಯಾರು? ಮುಖ್ಯಮಂತ್ರಿಗಳು. ಆದರೆ ಅವರೂ ನೇರವಾಗಿ ಒಪ್ಪಿಸುವುದಿಲ್ಲ. ಇಡೀ ರಾಜ್ಯದ ಮತದಾರರು ಅವರ ಹೆಸರಿಗೆ ಗುರುತು ಹಾಕುವುದಿಲ್ಲ. ತಮ್ಮ ತಮ್ಮ ಕ್ಷೇತ್ರದ ಉಮೇದುವಾರರಿಗೆ ಹಾಕುತ್ತಾರೆ. 224 ಕ್ಷೇತ್ರಗಳ ತೀರ್ಪನ್ನು ಕೂಡಿಸಿದಾಗ ಹೊರಬೀಳುವ ಮೊತ್ತವೇ ಸರ್ಕಾರದ ಮೇಲಿನ ತೀರ್ಪು. ಇದರಿಂದ ಎಂಥ ವೈಚಿತ್ರ್ಯ ಹುಟ್ಟಬಹುದೆಂಬುದಕ್ಕೆ 2018ರ ಚುನಾವಣೆ ಸಾಕ್ಷಿ. ಐದು ವರ್ಷ ಪೂರ್ತಿ ಆಳಿದ ಸಿದ್ದರಾಮಯ್ಯನವರು ಮತ್ತೆ ಮತ ಕೇಳಿದರು. ಅವರ ಕಾಂಗ್ರೆಸ್ ಪಕ್ಷಕ್ಕೆ ನೂರಕ್ಕೆ 38ರಷ್ಟು ಮತ ಬಿದ್ದಿತು. ಭಾರತೀಯ ಜನತಾ ಪಕ್ಷಕ್ಕೆ 36ರಷ್ಟು. ಸ್ಥಾನಗಳಾದರೋ ಭಾಜಪಕ್ಕೆ 104, ಕಾಂಗ್ರೆಸ್ಸಿಗೆ ಸುಮಾರು 80. ಮುಖ್ಯಮಂತ್ರಿಗಳು ತಾವೇ ನಿಂತ ಎರಡು ಕ್ಷೇತ್ರಗಳ ಪೈಕಿ ಚಾಮುಂಡೇಶ್ವರಿಯಲ್ಲಿ ಸೋತು, ಬಾದಾಮಿಯಲ್ಲಿ 1,696 ಮತಗಳ ಅಂತರದಿಂದ ಗೆದ್ದರು. ಅಮೆರಿಕದ ಗವರ್ನರರ ಚುನಾವಣೆಯಂತೆ ರಾಜ್ಯವೆಲ್ಲ ಒಂದೇ ಕ್ಷೇತ್ರವಾಗಿದ್ದು, ಪಕ್ಷಕ್ಕೆ ಬಿದ್ದ ಮತವೇ ನಾಯಕರಿಗೂ ಬೀಳುವುದೆಂದು ಇಟ್ಟುಕೊಂಡರೆ, ಫಲ ಬೇರೆಯೇ ಆಗುತ್ತಿದ್ದಿತು.

ಕರ್ನಾಟಕದಲ್ಲಿ ಅಧಿಕಾರದಲ್ಲಿದ್ದ ಮುಖ್ಯಮಂತ್ರಿಗಳು ತಮ್ಮ ಪಕ್ಷವನ್ನು ಬಹುಮತದೊಡನೆ ಮರಳಿ ತಂದುದಕ್ಕೆ ಉದಾಹರಣೆ ಬೇಕೆಂದರೆ 1985ಕ್ಕೆ ಹೋಗಬೇಕು. 1984ರ ಡಿಸೆಂಬರಿನ ಲೋಕಸಭೆಯ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ಹೋದುವು. ಅಂದು ಜನತಾ ಪಕ್ಷದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ಕಾನೂನಿನ ಬಲವಂತವಿಲ್ಲದಿದ್ದರೂ ರಾಜೀನಾಮೆಯಿತ್ತು ಹೊಸ ಚುನಾವಣೆಯನ್ನು ಬಯಸಿದರು. 1985ರ ಮಾರ್ಚಿಯಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೂರು ತಿಂಗಳೊಳಗೆ ಜನರ ಮನಸ್ಸು ತಿರುಗಿತೆನ್ನುವುದಕ್ಕಿಂತ, ದೆಹಲಿಯ ಪ್ರಶ್ನೆಗೆ ಒಂದು ಉತ್ತರವನ್ನೂ ಬೆಂಗಳೂರಿನ ಪ್ರಶ್ನೆಗೆ ಇನ್ನೊಂದು ಉತ್ತರವನ್ನೂ ಕೊಟ್ಟರೆನ್ನುವುದೇ ಯುಕ್ತ. ಪ್ರಶ್ನೆಯು ಸ್ಪಷ್ಟವಾಗಿದ್ದಲ್ಲಿ ಮತದಾರರು ಅದನ್ನು ಬೇರ್ಪಡಿಸಿ ನೋಡಬಲ್ಲರು. ಅಲ್ಲಿಂದ 2023ರ ಚುನಾವಣೆಯವರೆಗೆ, ಆಳುತ್ತಿದ್ದ ಯಾವ ಪಕ್ಷವೂ ಬಹುಮತದೊಡನೆ ಮರಳಿ ಬರಲಿಲ್ಲ. 2004ರಲ್ಲಿ ಎಸ್. ಎಂ. ಕೃಷ್ಣ ಅವರ, 2018ರಲ್ಲಿ ಸಿದ್ದರಾಮಯ್ಯನವರ, 2023ರಲ್ಲಿ ಬಸವರಾಜ ಬೊಮ್ಮಾಯಿಯವರ ಸರ್ಕಾರಗಳು ಮತ ಕೇಳಿ ಬಹುಮತ ಕಳೆದುಕೊಂಡುವು.

ಗೊರೇಬಾಳದ ಸೀಮೆಯಲ್ಲಿಯೂ ಇದೇ ಪ್ರವೃತ್ತಿ ಕಾಣುತ್ತದೆ. ಸಿಂಧನೂರು ಕ್ಷೇತ್ರದಲ್ಲಿ 2008ರಲ್ಲಿ ವೆಂಕಟರಾವ್ ನಾಡಗೌಡರು, 2013ರಲ್ಲಿ ಹಂಪನಗೌಡ ಬಾದರ್ಲಿಯವರು, 2018ರಲ್ಲಿ ಮತ್ತೆ ನಾಡಗೌಡರು, 2023ರಲ್ಲಿ ಮತ್ತೆ ಬಾದರ್ಲಿಯವರು ಗೆದ್ದರು. ಇಬ್ಬರೇ ವ್ಯಕ್ತಿಗಳು ಪಾಳಿಯ ಮೇಲೆ ಬಂದಂತಾಯಿತು. ಇನ್ನೂ ಗಮನಾರ್ಹವಾದದ್ದು ಮಸ್ಕಿ. 2008ರಲ್ಲಿ ಹೊಸದಾಗಿ ಏರ್ಪಟ್ಟ ಈ ಮೀಸಲು ಕ್ಷೇತ್ರದಲ್ಲಿ ಮೊದಲ ಮೂರು ಬಾರಿಯೂ ಪ್ರತಾಪಗೌಡ ಪಾಟೀಲರು ಗೆದ್ದರು, ಮೊದಲು ಭಾಜಪದಿಂದ, ಆಮೇಲೆ ಎರಡು ಸಲ ಕಾಂಗ್ರೆಸ್ಸಿನಿಂದ. 2018ರಲ್ಲಿ ಭಾಜಪದ ಬಸನಗೌಡ ತುರ್ವಿಹಾಳರ ಮೇಲೆ ಅವರ ಗೆಲುವಿನ ಅಂತರ 213 ಮತಗಳು ಮಾತ್ರ. 2019ರ ಜುಲೈಯಲ್ಲಿ ಅವರು ಅನರ್ಹರಾದರು. 2018ರ ಫಲಿತಾಂಶದ ಮೇಲಿನ ವ್ಯಾಜ್ಯ ನ್ಯಾಯಾಲಯದಲ್ಲಿದ್ದುದರಿಂದ ಉಪಚುನಾವಣೆ ಮುಂದಕ್ಕೆ ಹೋಗುತ್ತ, 2021ರ ಏಪ್ರಿಲ್‌ವರೆಗೆ ನಡೆಯಲೇ ಇಲ್ಲ. ಸುಮಾರು ಎರಡು ವರ್ಷ ಮಸ್ಕಿಗೆ ಶಾಸನಸಭೆಯಲ್ಲಿ ಪ್ರತಿನಿಧಿಯೇ ಇರಲಿಲ್ಲ.

ಆ ಅವಧಿಯಲ್ಲಿ ಅಲ್ಲಿಯ ದೊಡ್ಡ ಪ್ರಶ್ನೆ ನೀರು. ನಾರಾಯಣಪುರ ಬಲದಂಡೆಯ 5 ಎ ಕಾಲುವೆ ತಮ್ಮ ಒಣ ಹೊಲಗಳಿಗೆ ಬರಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತರು. ಇತ್ತ ಉಮೇದುವಾರರು ಪಕ್ಷಗಳನ್ನು ಅದಲು ಬದಲು ಮಾಡಿಕೊಂಡಿದ್ದರು: ಪಾಟೀಲರು ಭಾಜಪದಿಂದಲೂ ತುರ್ವಿಹಾಳರು ಕಾಂಗ್ರೆಸ್ಸಿನಿಂದಲೂ ನಿಂತರು. 2019ರ ಡಿಸೆಂಬರಿನಲ್ಲಿ ನಡೆದ 15 ಉಪಚುನಾವಣೆಗಳ ಪೈಕಿ 12ನ್ನು ಆಳುವ ಪಕ್ಷವೇ ಗೆದ್ದಿದ್ದರೂ, ಮಸ್ಕಿಯ ಮತದಾರರು 30 ಸಾವಿರಕ್ಕೂ ಮಿಕ್ಕಿದ ಅಂತರದಿಂದ ತುರ್ವಿಹಾಳರನ್ನು ಆರಿಸಿದರು; 2023ರಲ್ಲಿಯೂ ಅವರನ್ನೇ ಉಳಿಸಿಕೊಂಡರು. ಅದೇ 2023ರಲ್ಲಿ ಪಕ್ಕದ ಲಿಂಗಸುಗೂರಿನವರು ಕಾಂಗ್ರೆಸ್ಸಿನ ಶಾಸಕರನ್ನು ಕೆಳಗಿಳಿಸಿ ಭಾಜಪದ ಮಾನಪ್ಪ ವಜ್ಜಲರನ್ನು ಆರಿಸಿದರು. ರಾಜ್ಯದಲ್ಲೆಲ್ಲ ಕಾಂಗ್ರೆಸ್ಸಿನ ಹೊನಲು ಹರಿದು ಅದಕ್ಕೆ 135 ಸ್ಥಾನ ದೊರೆತಿದ್ದಾಗ್ಯೂ ಲಿಂಗಸುಗೂರು ತನ್ನ ಶಾಸಕರ ಲೆಕ್ಕವನ್ನು ಬೇರೆಯಾಗಿಯೇ ನೋಡಿತು.

ಇದನ್ನು ನೋಡಿ ನಾವು ಸಂತೋಷಪಡಬಹುದೆ? ಅರ್ಧ ಮಾತ್ರ. ನಮ್ಮ ಮತದಾರರ ಕೈಯಲ್ಲಿ ಇರುವುದು ಒಂದೇ ಗುರುತು. ಅದರಿಂದ ಎರಡು ಲೆಕ್ಕ ಚುಕ್ತಾ ಮಾಡಬೇಕು. ಶಾಸಕರು ಒಳ್ಳೆಯವರು, ಸರ್ಕಾರ ಕೆಟ್ಟದ್ದು ಎಂದಾಗ ಏನು ಮಾಡಬೇಕು? ಸರ್ಕಾರ ಒಳ್ಳೆಯದು, ಶಾಸಕರು ಊರ ಕಡೆ ತಲೆಹಾಕಿಯೂ ಮಲಗಲಿಲ್ಲ ಎಂದಾಗ ಏನು ಮಾಡಬೇಕು? ಲಿಂಗಸುಗೂರಿನವರು ಶಾಸಕರನ್ನು ಶಿಕ್ಷಿಸಿದರೋ, ಪಕ್ಷವನ್ನು ಶಿಕ್ಷಿಸಿದರೋ, ಮೊತ್ತದಿಂದ ತಿಳಿಯುವಂತಿಲ್ಲ. ಮಸ್ಕಿಯ ತೀರ್ಪಿನಲ್ಲಿ ಪಕ್ಷಾಂತರಕ್ಕೆ ಎಷ್ಟು ಪಾಲು, ಕಾಲುವೆಗೆ ಎಷ್ಟು ಪಾಲು ಎಂಬುದನ್ನೂ ಅಳೆಯಲಾಗುವುದಿಲ್ಲ. ಸೋತವರು ತಮಗೆ ಹಿತವಾದ ಕಾರಣವನ್ನು ಆರಿಸಿಕೊಳ್ಳುತ್ತಾರೆ, ಗೆದ್ದವರೂ ಹಾಗೆಯೇ. ಐದು ವರ್ಷಕ್ಕೊಮ್ಮೆ ಆಳುವವರನ್ನು ಇಳಿಸಿದ ಮಾತ್ರಕ್ಕೆ ಲೆಕ್ಕ ಕೇಳಿದಂತಾಗುವುದಿಲ್ಲ. ಲೆಕ್ಕ ನೋಡದೆಯೇ ಗುಮಾಸ್ತನನ್ನು ಬದಲಾಯಿಸುತ್ತ ಹೋದರೆ ಅಂಗಡಿಯ ನಷ್ಟ ನಿಲ್ಲುವುದಿಲ್ಲ. ಇಳಿಸುವವರೆಂಬುದು ಮೊದಲೇ ಗೊತ್ತಾದರೆ, ಚೆನ್ನಾಗಿ ಆಳಿದವರಿಗೂ ಆಳದವರಿಗೂ ಭೇದವೇ ಉಳಿಯದೆ, ಆಳುವವರು ಚೆನ್ನಾಗಿ ಆಳಬೇಕೆಂಬ ಆಸೆಯನ್ನೇ ಬಿಟ್ಟಾರು.

ವಿದ್ಯಾವಂತರಾದ ಪಟ್ಟಣಿಗರು ಇಲ್ಲಿ ಒಂದು ಆಕ್ಷೇಪ ಎತ್ತುವುದುಂಟು. ಹಳ್ಳಿಯವರು ಜಾತಿಗೆ ಹಾಕುತ್ತಾರೆ, ಹಣಕ್ಕೆ ಹಾಕುತ್ತಾರೆ, ಅವರಿಗೆ ಲೆಕ್ಕದ ಮಾತು ಏತಕ್ಕೆ ಎಂಬುದು ಅವರ ವಾದ. ಜಾತಿಯೂ ಹಣವೂ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ 2023ರಲ್ಲಿ ರಾಜ್ಯವು ನೂರಕ್ಕೆ 73ರಷ್ಟು ಮತ ಹಾಕಿದಾಗ, ಕಾಲೇಜುಗಳೂ ಪುಸ್ತಕಾಲಯಗಳೂ ತುಂಬಿದ ಬೆಂಗಳೂರು ನಗರವು 60ನ್ನು ಮುಟ್ಟಲಿಲ್ಲ. ಮನೆಯಿಂದ ಹೊರಡದವರು ಬಿಸಿಲಿನಲ್ಲಿ ಸಾಲುನಿಂತವರಿಗೆ ವಿವೇಕ ಬೋಧಿಸುವುದು ಶೋಭಿಸದು.

ವಿದ್ಯೆಯಿಂದ ಆಗಬಹುದಾದ ಉಪಕಾರ ಬೇರೆಯದು. ಹೈದರಾಬಾದ್ ಕರ್ನಾಟಕದ ಮಂಡಳಿಯ ಕೆಲಸದ ವರದಿಯನ್ನು ವರ್ಷ ವರ್ಷವೂ ಶಾಸನಸಭೆಯ ಮುಂದೆ ಇಡಬೇಕೆಂದು 371 ಜೆ ವಿಧಿಯಲ್ಲಿಯೇ ಇದೆ. ರಾಜ್ಯಪಾಲರಿಂದ ಮತದ ಮೂಲಕ ಕೇಳಲಾಗದ ಲೆಕ್ಕಕ್ಕೆ ಅದೊಂದು ಬಾಗಿಲು. ಆ ವರದಿ ಬಂದಿತೆ, ಅದರಲ್ಲಿ ಸಿಂಧನೂರು ತಾಲೂಕಿಗೆ ಏನು ಬರೆದಿದೆ, ಬರೆದ ಶಾಲೆ ಕಟ್ಟಿದೆಯೆ, ಬರೆದ ರಸ್ತೆ ಇದೆಯೆ ಎಂಬುದನ್ನು ಓದಿ ತಿಳಿಯಾದ ಕನ್ನಡದಲ್ಲಿ ಹೇಳುವವರು ಬೇಕು. ಉಪಾಧ್ಯಾಯರು, ವಕೀಲರು, ಪತ್ರಿಕೆಯವರು, ಕಾಲೇಜಿನ ಹುಡುಗರು ಇದನ್ನು ಮಾಡಬಲ್ಲರು. ಹೊಲ ಬಿಟ್ಟು ಬರಲಾಗದ ಒಕ್ಕಲಿನವರಿಗೆ ಆ ಬಿಡುವಿಲ್ಲ. ಆದರೆ ಕಾಲುವೆಯಲ್ಲಿ ನೀರು ಬಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಕಾಗದದ ಲೆಕ್ಕ ಪಟ್ಟಣದಲ್ಲಿ, ಕಣ್ಣಿನ ಲೆಕ್ಕ ಗೊರೇಬಾಳದಲ್ಲಿ. ಇವೆರಡನ್ನೂ ಎದುರುಬದುರು ಇಟ್ಟು ನೋಡಿದಾಗಲೇ ಸುಳ್ಳು ಹೊರಬೀಳುವುದು.

ಆಳಿದವರು ಮತ್ತೆ ಮತ ಕೇಳಲು ಬರುವುದು ಅವಮಾನವಲ್ಲ. ಪ್ರಜಾಪ್ರಭುತ್ವದಲ್ಲಿ ಅದೇ ಅವರಿಗೆ ಮರ್ಯಾದೆ. ಅವರು ಬಂದ ದಿನ ಹೂವಿನ ಹಾರದೊಡನೆ ಒಂದು ಪಟ್ಟಿಯೂ ಊರಿನಲ್ಲಿ ಸಿದ್ಧವಾಗಿರಲಿ. ಆಗಿರುವುದಕ್ಕೆ ಆಗಿದೆಯೆಂದೂ ಆಗದಿರುವುದಕ್ಕೆ ಆಗಿಲ್ಲವೆಂದೂ ಅದರಲ್ಲಿ ಬರೆದಿರಲಿ. ಆ ಪಟ್ಟಿಯನ್ನು ನೋಡಿ ಉಳಿಸಿಕೊಂಡರೂ ಸರಿಯೆ, ಕಳುಹಿಸಿಕೊಟ್ಟರೂ ಸರಿಯೆ. ಅದು ತೀರ್ಪು ಎನಿಸಿಕೊಳ್ಳುತ್ತದೆ.